ಐದು ಜನಕ್ಕೆ ಆರು ಬಲೂನು

ಏಕನಾಥ ಮಾಳವದೆ ಹೊಲಿದ ಸೀಟ್ ಕವರ್ ಬಿಚ್ಚಬೇಕಾದರೆ ಜೋಡೆತ್ತು ಕಟ್ಟಿ ಎಳೆಯಬೇಕು ಎಂದು ಕೊಲ್ಹಾಪುರದ ಉದ್ಯಮನಗರದಲ್ಲಿ ಒಂದು ಮಾತಿತ್ತು. ಆ ಮಾತನ್ನು ಮೊದಲು ಆಡಿದವನು ಏಕನಾಥನೇ. ಆದರೆ ಒಬ್ಬ ಮನುಷ್ಯ ಮೂವತ್ತು ವರ್ಷ ಒಂದೇ ಮಾತನ್ನು ಬಿಡದೆ ಆಡಿದರೆ ಕೇಳುವವರು ಬೇಸತ್ತಾದರೂ ಒಪ್ಪಿಕೊಂಡುಬಿಡುತ್ತಾರೆ. ಒಪ್ಪಲು ಕಾರಣವೂ ಇತ್ತೆನ್ನಿ. ನೈಲಾನ್ ದಾರ, ಪಕ್ಕಪಕ್ಕದಲ್ಲೇ ಎರಡು ಸಾಲು ಹೊಲಿಗೆ, ಸೀಟಿನ ಮೈಗೆ ಕವರು ಎಷ್ಟು ಬಿಗಿಯಾಗಿ ಕೂರುತ್ತಿತ್ತೆಂದರೆ ಒಂದು ಬೆರಳು ತೂರಿಸಲೂ ಸಂದಿ ಸಿಗುತ್ತಿರಲಿಲ್ಲ. ಸುಕ್ಕು, ಉಬ್ಬು, ನೇತಾಡುವ ತುಂಡು ಇವು ಮೂರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ಜ್ಯೇಷ್ಠದಲ್ಲಿ ಅಧಿಕ ಮಾಸ ಬಿದ್ದಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಾಲೇಜಿನಲ್ಲಿ ಪಾಠ ಹೇಳುವ ವೈಶಂಪಾಯನಬಾಯಿ ಹೊಸ ಕಾರು ತಂದು ಅಂಗಡಿಯ ಮುಂದೆ ನಿಲ್ಲಿಸಿದರು. ಬಟ್ಟೆ ಆರಿಸಿದರು, ಬಣ್ಣ ಆರಿಸಿದರು, ಆಮೇಲೆ ತರಕಾರಿಯ ಜೊತೆ ಕೊತ್ತಂಬರಿ ಕೇಳುವಷ್ಟು ಸಲೀಸಾಗಿ ಒಂದು ಮಾತು ಕೇಳಿದರು.

“ಕಾಕಾ, ಪಕ್ಕದ ಹೊಲಿಗಿ ಕಚ್ಚಾ ದಾರದಾಗ ಹಾಕ್ತೀರಲ್ಲ?”

“ಕಚ್ಚಾ ದಾರಾ? ಏಕನಾಥನ ಅಂಗಡ್ಯಾಗ ಕಚ್ಚಾ ದಾರ ಕೇಳಿದವರು ನೀವೇ ಮೊದಲನೇದವರ ನೋಡ್ರಿ ಬಾಯಿ. ಕಚ್ಚಾ ದಾರ ಬೇಕಂದ್ರ ಅಲ್ಲಿ ಹೂ ಕಟ್ಟೋ ಮುದುಕಿ ಕುಂತಾಳ, ಆಕಿ ಕಡೆ ಹೋಗ್ರಿ.”

“ಚೇಷ್ಟಿ ಅಲ್ಲ ಕಾಕಾ. ಏರ್‌ಬ್ಯಾಗ್ ಹೊರಗ ಬರಬೇಕಲ್ಲ?”

“ಏರ್‌ಬ್ಯಾಗ್ ಇರೋದು ಸ್ಟೇರಿಂಗ್‌ನಾಗ. ನಾ ಹೊಲಿಯೋದು ಸೀಟಿಗೆ.”

ಬಾಯಿ ವಾದ ಮಾಡಲಿಲ್ಲ. ಎಡಗಡೆಯ ಮುಂದಿನ ಬಾಗಿಲು ತೆರೆದು, ಸೀಟಿನ ಬೆನ್ನಿನ ಹೊರಮಗ್ಗುಲಲ್ಲಿ ಉಗುರಗಲದ ಒಂದು ಬಟ್ಟೆಯ ಚೀಟಿಯನ್ನು ಬೆರಳಿಂದ ಮೀಟಿ ತೋರಿಸಿದರು. ಏಕನಾಥನಿಗೆ ಆ ಚೀಟಿ ಚೆನ್ನಾಗಿ ಗೊತ್ತು. ಈಚೆಗೆ ಎಷ್ಟೋ ಗಾಡಿಗಳಲ್ಲಿ ಬರುತ್ತಿತ್ತು. ಅಂಗಿಯ ಕಾಲರಿನಲ್ಲಿ ಇರುವ ಹಾಗೆ ಸೀಟು ಮಾಡಿದವರ ಹೆಸರಿರಬೇಕು ಅಂದುಕೊಂಡಿದ್ದ. ಕವರಿನ ಕೆಳಗೆ ಅದು ಉಬ್ಬಿ ಕಾಣುತ್ತದೆಂದು ಬ್ಲೇಡಿನಿಂದ ಕಚಕ್ಕನೆ ಕತ್ತರಿಸಿ ಬಿಸಾಡುವುದು ಅವನ ಪದ್ಧತಿ.

“ಇದರ ಮ್ಯಾಲೆ ಏನ್ ಬರದೈತಿ ಗೊತ್ತೇನ್ರಿ?”

“ನಂಗ ಇಂಗ್ಲಿಷ್ ಎಲ್ಲಿ ಬರ್ತೈತಿ ಬಾಯಿ.”

“ಏರ್‌ಬ್ಯಾಗ್ ಅಂತ ಬರದೈತಿ. ಇದರ ಒಳಗೊಂದು ಚೀಲ ಐತಿ. ಪಕ್ಕದಿಂದ ಲಾರಿ ಗುದ್ದಿತು ಅಂದ್ರ, ಕಣ್ಣು ಮುಚ್ಚಿ ತೆಗೆಯೋದರಾಗ ಸೀಟು ಹರಕೊಂಡು ಹೊರಗ ಬರ್ತೈತಿ. ಬಾಗಲಕ್ಕೂ ನಮ್ಮ ಪಕ್ಕಡಿಗೂ ನಡುವ ತುಂಬ್ಕೋತೈತಿ. ಮ್ಯಾಲೆ ನಿಮ್ಮ ಎರಡು ಸಾಲಿನ ಹೊಲಿಗಿ ಇತ್ತಂದ್ರ ಎಲ್ಲಿಂದ ಬರಬೇಕು ಹೇಳ್ರಿ? ಅಲ್ಲಿ ಹೊಲಿಗಿ ಹರಿಯಾಕ ಬೇಕು.”

“ಹರಿಯೋ ಹೊಲಿಗಿ ಹಾಕೋದನ್ನ ನಮ್ಮಪ್ಪ ನಂಗ ಕಲಿಸಿಲ್ರಿ,” ಎಂದು ಏಕನಾಥ ಜೋರಾಗಿ ನಕ್ಕ. ಬಾಯಿ ನಗಲಿಲ್ಲ. ಕಲಿತ ಮೇಲೆ ಹೇಳಿಕಳುಹಿಸಿ ಎಂದು ಗಾಡಿ ತಿರುಗಿಸಿಕೊಂಡು ಹೊರಟೇಹೋದರು. ಧೂಳು ಇನ್ನೂ ಕೆಳಗೆ ಕೂತಿರಲಿಲ್ಲ, ಏಕನಾಥನ ನಗು ನಿಂತಿತು. ಹನ್ನೆರಡು ದಿನದ ಹಿಂದೆ ತಾನೇ ಕೈಯಾರೆ ಕವರು ಹಾಕಿ ಕಳಿಸಿದ ಅಳಿಯನ ಗಾಡಿ ನೆನಪಾಯಿತು.

ಅದು ಅಂತಿಂಥ ಕವರಲ್ಲ. ಮೂರು ವರ್ಷಕ್ಕೊಮ್ಮೆ ಬರುವ ಅಧಿಕ ಮಾಸದಲ್ಲಿ ಅಳಿಯನನ್ನು ಕರೆದು, ಮೂವತ್ತಮೂರು ಅನಾರಸೆ ಕಜ್ಜಾಯ ಇಟ್ಟು, ದೀಪ ಇಟ್ಟು, ಕೈಲಾದದ್ದನ್ನು ವಾಣವಾಗಿ, ಅಂದರೆ ಕಾಣಿಕೆಯಾಗಿ, ಕೊಡಬೇಕು. ಮಗಳು ಸ್ನೇಹಲಳ ಮದುವೆಯಾದ ಮೇಲೆ ಬಂದ ಮೊದಲ ಅಧಿಕ ಇದು. ಉಂಗುರ ಮಾಡಿಸುತ್ತೇನೆಂದು ಏಕನಾಥ ಹೊರಟಾಗ ಅಳಿಯ ವಿಶ್ವಜಿತನೇ ಬೇಡವೆಂದಿದ್ದ. “ಮಾಮಾ, ಸಕ್ಕರಿ ಕಾರ್ಖಾನ್ಯಾಗ ಮಷೀನಿನ ಕೆಲಸ, ಉಂಗುರ ಹಾಕ್ಕೊಂಡ್ರ ಬೆರಳ ಹೋಗ್ತೈತಿ. ಯುಗಾದಿ ಪಾಡವಾಕ್ಕ ಹೊಸ ಗಾಡಿ ತಗೊಂಡೀನಲ್ಲ, ನಿಮ್ಮ ಕೈಯಿಂದ ಒಂದು ಕವರ್ ಹೊಲದು ಕೊಡ್ರಿ, ಅದ ನನಗ ಬಂಗಾರ,” ಅಂದಿದ್ದ. ಇಂಥ ಅಳಿಯ ಎಷ್ಟು ಜನಕ್ಕೆ ಸಿಗುತ್ತಾನೆ? ಏಕನಾಥ ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ದಾಳಿಂಬೆ ಬಣ್ಣದ ರೆಕ್ಸಿನ್ನು, ಅಂಚಿಗೆಲ್ಲ ಕೆನೆಬಣ್ಣದ ಗೋಟು, ಎರಡು ಸಾಲು ಸಾಲದೆಂದು ಮೂರು ಸಾಲು ಹೊಲಿಗೆ. ಜನ್ಮದಲ್ಲಿ ಅಂಥ ಕೆಲಸ ಮಾಡಿರಲಿಲ್ಲ.

ಈಗ ಪ್ರಶ್ನೆ ಇದ್ದದ್ದು ಒಂದೇ. ಆ ಗಾಡಿಯ ಸೀಟಿನಲ್ಲಿ ಚೀಟಿ ಇತ್ತೋ ಇಲ್ಲವೋ? ಏಕನಾಥ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿ ನೆನಪಿಸಿಕೊಂಡ. ಇತ್ತು ಅನ್ನಿಸಿತು. ಇನ್ನೊಮ್ಮೆ ನೆನಪಿಸಿಕೊಂಡ. ಇರಲಿಲ್ಲ ಅನ್ನಿಸಿತು. ದಿನಕ್ಕೆ ಹತ್ತು ಸಲ ಮಾಡುವ ಕೆಲಸವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಬೆಳಿಗ್ಗೆ ಹಲ್ಲುಜ್ಜಿದಾಗ ಮೊದಲು ಎಡಕ್ಕೆ ಉಜ್ಜಿದೆಯೋ ಬಲಕ್ಕೋ ಎಂದು ಕೇಳಿದ ಹಾಗಾಯಿತು.

ಪಕ್ಕದ ಗ್ಯಾರೇಜಿನಲ್ಲಿ ಅಷ್ಪಾಕ್ ಮುಜಾವರ್ ಒಂದು ಜೀಪಿನ ಕೆಳಗೆ ಮಲಗಿದ್ದ. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಏಕನಾಥ ಆ ಕಾಲುಗಳ ಜೊತೆಗೇ ಮಾತಾಡಿದ.

“ಅಷ್ಪಾಕ್, ಗಾಡ್ಯಾಗ ಏರ್‌ಬ್ಯಾಗ್ ಎಲ್ಲೆಲ್ಲಿ ಇರ್ತಾವೋ?”

“ಯಾವ ಗಾಡಿ, ಅದರ ಮ್ಯಾಲೆ ಐತಿ ಭಾವು,” ಎಂದಿತು ಜೀಪಿನ ಕೆಳಗಿನ ದನಿ. “ಸ್ಟೇರಿಂಗ್‌ನಾಗ ಒಂದು. ಎಡಗಡೆ ಡ್ಯಾಶ್‌ಬೋರ್ಡಿನಾಗ ಒಂದು. ಆರಿದ್ರ, ಮುಂದಿನ ಎರಡು ಸೀಟಿನ ಪಕ್ಕಡ್ಯಾಗ ಒಂದೊಂದು. ಮ್ಯಾಲೆ ಟಾಪಿನ ಅಂಚಿನಾಗ ಆಕಡಿಗೊಂದು ಈಕಡಿಗೊಂದು, ಕಿಡಕಿ ಪರದಾ ಇಳೀತಾವಲ್ಲ, ಹಂಗ. ಕೆಲವು ಗಾಡ್ಯಾಗ ಮೊಣಕಾಲಿಗೂ ಒಂದು ಕೊಡ್ತಾರ.”

“ಇದೇನು ಗಾಡ್ಯೋ, ಜಾತ್ರ್ಯಾಗ ಬಲೂನು ಮಾರೋ ಸೈಕಲ್ಲೋ? ಐದು ಜನ ಕುಂದ್ರೋ ಗಾಡಿಗೆ ಆರು ಬಲೂನು! ಇನ್ನೊಂದು ಯಾರಿಗೆ?”

“ಮುಂದ ಕುಂತವರಿಗೆ ಎದಿಗೊಂದು, ಪಕ್ಕಡಿಗೊಂದು. ಟಾಪ್ ಮಾಡೆಲ್‌ಗೆ ಆರು, ಕೆಳಗಿನ ಮಾಡೆಲ್‌ಗೆ ಎರಡೇ. ಈಗ ಕೆಲವರು ಕೆಳಗಿನದಕ್ಕೂ ಆರು ಕೊಡಾಕ ಹತ್ಯಾರ. ಯಾವ ತಿಂಗಳ ಗಾಡಿ ಅನ್ನೋದೂ ಲೆಕ್ಕಕ್ಕ ಬರ್ತೈತಿ. ಯಾಕ, ಗಾಡಿ ತಗೋತೀಯೇನು?”

ಏಕನಾಥ ಅಂಗಡಿಗೆ ವಾಪಸು ಬಂದ. ಕೇಳುವ ಮೊದಲು ಅವನಿಗೆ ಒಂದು ವಿಷಯ ಗೊತ್ತಿರಲಿಲ್ಲ. ಕೇಳಿದ ಮೇಲೆ ಹತ್ತು ವಿಷಯ ಗೊತ್ತಾಗದೆ ಹೋದವು. ಅಂಗಡಿಯ ಗೋಡೆಗೆ ಅಂಟಿಸಿದ್ದ ಶೋರೂಮಿನ ಕಾರ್ಡು ನೋಡಿ ಅಲ್ಲಿಗೆ ಫೋನು ಹಚ್ಚಿದ. ಒಬ್ಬ ಹುಡುಗಿ ಚಾಸಿ ನಂಬರ್ ಹೇಳಿ ಅಂದಳು. ಇನ್ನೊಬ್ಬ ಬಂದು ಎಲ್ಲ ಗಾಡಿಯಲ್ಲೂ ಇದೆ ಸಾರ್ ಅಂದ. ಸೀಟಿನಲ್ಲಿ ಇದೆಯಾ ಎಂದರೆ, ಸೀಟು ಎಲ್ಲ ಗಾಡಿಯಲ್ಲೂ ಇದೆ ಸಾರ್ ಅಂದ. ಏಕನಾಥ ಫೋನು ಇಟ್ಟ.

ಕೊನೆಗೆ ಧೈರ್ಯ ಮಾಡಿ ಅಳಿಯನಿಗೇ ಹಚ್ಚಿದ. ವಿಶ್ವಜಿತ ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದ. ಹಿಂದೆ ನಾಲ್ಕಾರು ಜನರ ಗದ್ದಲ ಕೇಳುತ್ತಿತ್ತು.

“ಹೇಳ್ರಿ ಮಾಮಾ, ಈಗಷ್ಟ ನಿಮ್ಮ ಸುದ್ದಿನ ಹೇಳಾಕತ್ತಿದ್ದೆ! ನಮ್ಮ ಫೋರ್‌ಮನ್ ಸಾಹೇಬರು ಗಾಡಿ ನೋಡಿ, ಇಂಥಾ ಕವರ್ ಪುಣೇದಾಗೂ ಹೊಲಿಯೋದಿಲ್ಲ ಅಂದ್ರು.”

“ಅದಿರಲಿ ಜಾವಯಿಬಾಪು,” ಎಂದ ಏಕನಾಥ. “ನಿಮ್ಮ ಗಾಡ್ಯಾಗ ಬಲೂನು ಎಷ್ಟ ಅದಾವು?”

“ಆರು! ಟಾಪ್ ಮಾಡೆಲ್ ಮಾಮಾ!”

“ಎಲ್ಲೆಲ್ಲಿ?”

“ಎಲ್ಲಾ ಕಡೆ.”

“ಎಲ್ಲಾ ಕಡೆ ಅಂದ್ರ?”

“ಅಂದ್ರ… ಮುಂದ ಎರಡು. ನಾಕು ಬಾಗಲಕ್ಕ ನಾಕು ಇರಬೇಕು. ಇಲ್ಲಾ ಹಿಂದ ಎರಡು, ಇನ್ನೆರಡು ಸ್ಪೇರ್ ಇಟ್ಟಾರೇನೋ, ಸ್ಟೆಪ್ನಿ ಇರ್ತೈತಲ್ಲ ಹಂಗ. ಯಾಕ ಮಾಮಾ?”

“ಏನಿಲ್ಲ, ಹಂಗ ಕೇಳಿದೆ.”

“ನಾಳಿ ಬೆಳಿಗ್ಗಿ ಎಲ್ಲಾರೂ ಗಣಪತಿಪುಳ್ಯಾಕ್ಕ ಹೊಂಟೀವಿ. ಅಧಿಕದಾಗ ದೇವರ ದರ್ಶನ ಆಗಬೇಕು ಅಂದ್ಳು ಆಈ. ಕುಂಭಾರ್ಲಿ ಘಾಟ್ ಇಳದು ಹೋಗ್ತೀವಿ.”

ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದಿತ್ತು. ಆಕಡೆಯಿಂದ ಯಾರೋ, “ನಿಮ್ಮ ಮಾಂವಗ ನಮ್ಮ ಗಾಡಿಗೂ ಒಂದು ಕವರ್ ಹೊಲಿಯಾಕ ಹೇಳೋ,” ಎಂದು ಕೂಗಿದರು. ಬಂದದ್ದು ಹಾಗೇ ಹಿಂದಕ್ಕೆ ಹೋಯಿತು. ಏಕನಾಥನಿಗೆ ತನ್ನ ಮೇಲೇ ಹೇಸಿಗೆ ಬಂತು. ಹೆಣ್ಣು ಕೊಟ್ಟವನಿಗೆ ಬೀಗರ ಮನೆಯಲ್ಲಿ ಇರುವುದೇ ಇಷ್ಟು ಮರ್ಯಾದೆ. ಅದನ್ನು ಫೋನಿನಲ್ಲಿ, ಕ್ಯಾಂಟೀನಿನ ಜನದ ನಡುವೆ ಹೇಗೆ ಕಳೆದುಕೊಳ್ಳುವುದು ಎಂದು ಅವನಿಗೆ ತಿಳಿಯಲಿಲ್ಲ. ಆದರೆ ಕಣ್ಣ ಮುಂದೆ ಕುಂಭಾರ್ಲಿ ಘಾಟು ಬಂದು ನಿಂತಿತು. ತಿರುವುಗಳು, ತಿರುವಿನಿಂದ ಒಮ್ಮೆಲೇ ಮೂತಿ ಹಾಕುವ ಲಾರಿಗಳು, ಗಂಡನ ಪಕ್ಕದ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತ ಸ್ನೇಹಲ, ಅವಳ ಪಕ್ಕೆಯ ಬಳಿಯಲ್ಲಿ ತನ್ನ ಮೂರು ಸಾಲಿನ ಗಟ್ಟಿ ಹೊಲಿಗೆ. ಅಂಗಡಿಯ ಬಾಗಿಲು ಎಳೆದು ಮನೆಗೆ ಹೋದ.

ಹೆಂಡತಿ ಶಾಲನ್ ಎಲ್ಲ ಕೇಳಿ, ಮೊದಲು ಅರ್ಥವಾಗದೆ ಇನ್ನೊಮ್ಮೆ ಹೇಳಿಸಿ, ಆಮೇಲೆ ಸೊಂಟದ ಮೇಲೆ ಕೈಯಿಟ್ಟಳು.

“ಅಧಿಕದಾಗ ಕೊಟ್ಟ ವಾಣ, ಅಧಿಕ ಮುಗಿಯೋದರಾಗ ಹೋಗಿ ಹರದು ಬರ್ತೀರಿ?”

“ಹರಿಯಾಕಲ್ಲ, ಬಿಚ್ಚಾಕ.”

“ಎರಡೂ ಒಂದ. ಆ ಬೀಗತಿ ಊರ ತುಂಬ ಹೇಳ್ಕೊಂಡು ಬರ್ತಾಳ. ಮೂವತ್ತು ವರ್ಷ ಸೀಟು ಹೊಲದೀರಿ, ಸೀಟಿನಾಗ ಏನ್ ಐತಿ ಅಂತ ಇವತ್ತು ಗೊತ್ತಾತೇನು?”

“ಇವತ್ತು ಗೊತ್ತಾತು. ಏನ್ ಮಾಡ್ಲಿ, ನಾಡಿದ್ದು ಗೊತ್ತಾಗ್ಲಿ ಅಂತೀಯೇನು?”

ಶಾಲನ್ ಒಳಗೆ ಹೋಗಿ, ಡಬ್ಬಿಯಲ್ಲಿ ಉಳಿದಿದ್ದ ಅನಾರಸೆ ಕಟ್ಟಿಕೊಟ್ಟಳು. ಬೀಗರ ಮನೆಗೆ ಬರೀ ಬ್ಲೇಡು ಹಿಡಿದುಕೊಂಡು ಹೋಗಲಾದೀತೆ? “ಲಗೂನ ಹೋಗ್ರಿ,” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ದಾರಿಯಲ್ಲಿ ಏಕನಾಥ ಹೂ ಕಟ್ಟುವ ಮುದುಕಿಯ ಹತ್ತಿರ ನಿಂತು ಒಂದು ಉಂಡೆ ಕಚ್ಚಾ ದಾರ ಕೇಳಿದ. ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿ, “ಸೀಟು ಬಿಟ್ಟು ಹಾರ ಕಟ್ತೀಯೇನೋ ಏಕನಾಥಾ?” ಎಂದಳು. ಅವನು ದಾರ ಜೇಬಿಗಿಟ್ಟು, ಬೀಗರ ಊರು ಕರಾಡಕ್ಕೆ ಹೋಗುವ ಎಸ್‌ಟಿ ಬಸ್ಸು ಹತ್ತಿದ.

ಹೈವೇ ಉದ್ದಕ್ಕೂ ಅವನ ಕಣ್ಣು ಹಾದುಹೋಗುವ ಕಾರುಗಳ ಮೇಲೆಯೇ. ಈ ಗಾಡಿಗೆ ಎಷ್ಟು, ಆ ಗಾಡಿಗೆ ಎಷ್ಟು? ಬಿಳಿ ಗಾಡಿಯೊಂದರಲ್ಲಿ ತಾನು ಹೊಲಿದ ಕವರಿನಂಥದೇ ಕಂಡಿತು, ತನ್ನದಿರಲಿಕ್ಕಿಲ್ಲ ಅಂದುಕೊಂಡ, ಇದ್ದರೂ ಇರಬಹುದು ಅಂದುಕೊಂಡ. ಗಟ್ಟಿಯಾಗಿ ಹೊಲಿದದ್ದು ತಪ್ಪಾಗುವ ಕಾಲವೊಂದು ಬರುತ್ತದೆಂದು ಅಪ್ಪ ಯಾಕೆ ಹೇಳಲಿಲ್ಲ? ಅಪ್ಪನ ಕಾಲದಲ್ಲಿ ಸೀಟಿನೊಳಗೆ ಇದ್ದದ್ದು ತೆಂಗಿನ ನಾರು, ಸ್ಪ್ರಿಂಗು. ಈಗ ಒಳಗೆ ಏನೇನು ಇಟ್ಟಿದ್ದಾರೋ, ಹೊಲಿಯುವವನಿಗೆ ಹೇಳಬೇಡವೆ? ಉಗುರಗಲದ ಚೀಟಿಯಲ್ಲಿ, ಅದೂ ಇಂಗ್ಲಿಷಿನಲ್ಲಿ? ಸಿಟ್ಟು ಯಾರ ಮೇಲೆ ಮಾಡಬೇಕೆಂದು ಗೊತ್ತಾಗದೆ ಕಂಡಕ್ಟರನ ಹತ್ತಿರ ಚಿಲ್ಲರೆಗಾಗಿ ಜಗಳ ಮಾಡಿದ.

ಕರಾಡದ ಶನಿವಾರ ಪೇಟೆಯಲ್ಲಿ ಬೀಗರ ಮನೆ ಮುಟ್ಟಿದಾಗ ಐದು ಗಂಟೆ. ಅಂಗಳದಲ್ಲಿ ಗಾಡಿ ತೊಳೆದು ನಿಲ್ಲಿಸಿದ್ದರು. ದಾಳಿಂಬೆ ಬಣ್ಣದ ಸೀಟುಗಳು ಗಾಜಿನೊಳಗಿಂದ ಹೊಳೆಯುತ್ತಿದ್ದವು. ನೋಡಿ ಒಂದು ಕ್ಷಣ ಏಕನಾಥನಿಗೆ ಹೆಮ್ಮೆಯೇ ಆಯಿತು, ಆಮೇಲೆ ನಾಚಿಕೆಯಾಯಿತು. ಬೀಗತಿ ಇಂದುಮತಿಬಾಯಿ, ಮಂಡಿನೋವಿನ ಭಾರಿ ಆಳು, ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಹಿಂದೆ ಹಿಟ್ಟು ಮೆತ್ತಿದ ಕೈಯಲ್ಲೇ ಸ್ನೇಹಲ.

“ಬಾಬಾ! ಹೇಳದ ಕೇಳದ?” ಎಂದಳು. ಅಪ್ಪನ ಮುಖ ನೋಡಿ ಅವಳ ನಗು ಅರ್ಧಕ್ಕೇ ನಿಂತಿತು. “ಆಈ ಆರಾಮ ಅದಾಳಲ್ಲ?”

“ಆರಾಮ ಅದಾಳ. ಗಾಡಿದು ಒಂದು ಹೊಲಿಗಿ ಸಡಿಲ ಬಿಟ್ಟೀನೇನೋ ಅನಸ್ತು. ನೋಡಿ ಹೋಗೋಣ ಅಂತ ಬಂದೆ.”

“ಏಕನಾಥರಾಯರ ಹೊಲಿಗಿ ಸಡಿಲಾ?” ಬೀಗತಿ ನಕ್ಕರು. “ಬೀಗರ, ಸುಳ್ಳ ಹೇಳೋದಾದ್ರ ಸರಿಯಾಗಿ ಹೇಳಬೇಕು. ಮಗಳನ್ನ ನೋಡಬೇಕು ಅನಸ್ತು ಅನ್ರಿ.”

ಅಷ್ಟರಲ್ಲಿ ಕಾರ್ಖಾನೆಯಿಂದ ವಿಶ್ವಜಿತನೂ ಮೋಟರ್‌ಸೈಕಲ್ಲಿನಲ್ಲಿ ಬಂದಿಳಿದ. ಎಲ್ಲರೂ ತನ್ನನ್ನೇ ನೋಡುತ್ತಿರುವಾಗ ಏಕನಾಥನಿಗೆ ಸುಳ್ಳನ್ನು ಮುಂದಕ್ಕೆ ಎಳೆಯಲಾಗಲಿಲ್ಲ. ತೊದಲುತ್ತ, ಮೊದಲಿನದು ಕೊನೆಗೆ ಕೊನೆಯದು ಮೊದಲಿಗೆ ಮಾಡಿ, ಚೀಟಿ, ಚೀಲ, ಲಾರಿ, ಕಚ್ಚಾ ದಾರ ಎಲ್ಲ ಒಮ್ಮೆಲೇ ಹೇಳಿಬಿಟ್ಟ. ಯಾರಿಗೂ ತಲೆಬುಡ ತಿಳಿಯಲಿಲ್ಲ. ಕೊನೆಗೆ ಅವನೇ ಗಾಡಿಯ ಎಡಬಾಗಿಲು ತೆರೆದು, ಮೊಣಕಾಲೂರಿ ಕೂತು, ಮುಂದಿನ ಸೀಟಿನ ಹೊರಮಗ್ಗುಲಿಗೆ ಬ್ಲೇಡು ಹಾಕಿದ.

ಮೂರು ಸಾಲು ಬಿಚ್ಚುವುದಕ್ಕೆ ಹತ್ತು ನಿಮಿಷ ಬೇಕಾಯಿತು. ಕೊನೆಯ ದಾರ ಬಿಟ್ಟಾಗ ರೆಕ್ಸಿನ್ನು ಬಾಯಿ ತೆರೆಯಿತು. ಒಳಗೆ, ಮೂಲ ಸೀಟಿನ ಅಂಚಿನಲ್ಲಿ, ತಾನೇ ಕತ್ತರಿಸಿದ ಚೀಟಿಯ ಬುಡ ಮೋಟಾಗಿ ನಿಂತಿತ್ತು. ಅದರ ಹಿಂದೆ ಬೆರಳಿಟ್ಟು ಒತ್ತಿದ. ಏನೋ ಗಟ್ಟಿಯಾದದ್ದು ಕೈಗೆ ಸಿಕ್ಕಿತು.

“ಐತಿ,” ಎಂದ. ಇದ್ದದ್ದಕ್ಕೆ ಸಂತೋಷಪಡಬೇಕೋ ಹೆದರಬೇಕೋ ತಿಳಿಯಲಿಲ್ಲ.

ವಿಶ್ವಜಿತ ಬಗ್ಗಿ ನೋಡಿದ. “ಅಂದ್ರ ಇದು ಇಲ್ಲೇ ಇತ್ತೇನು? ನಾ ಬಾಗಲದಾಗ ಐತಿ ಅಂದ್ಕೊಂಡಿದ್ದೆ.”

“ನಾ ಅದರ ಬಾಯಿ ಹೊಲದಿದ್ದೆ ಜಾವಯಿಬಾಪು. ವಾಣ ಅಂತ ಹೇಳಿ ಇದನ್ನ ಕೊಟ್ಟೆ. ತಪ್ಪಾತು.” ಏಕನಾಥ ಕೈ ಮುಗಿಯಲು ಹೋದ. ಅಳಿಯ ಆ ಕೈಗಳನ್ನು ಹಿಡಿದುಕೊಂಡ.

“ಏನ್ ಮಾಡಾಕತ್ತೀರಿ ಮಾಮಾ, ಬಿಡ್ರಿ. ಗೊತ್ತಾದ ಕೂಡಲೆ ಓಡಿ ಬಂದೀರಲ್ಲ.”

ಬಲಗಡೆಯ ಸೀಟನ್ನೂ ಬಿಚ್ಚಿ, ಎರಡಕ್ಕೂ ಕಚ್ಚಾ ದಾರದಲ್ಲಿ ಉದ್ದುದ್ದ ಹೊಲಿಗೆ ಹಾಕಿದ. ಎಳೆದರೆ ಪಟ್ಟನೆ ಹರಿಯುವ ಹೊಲಿಗೆ. ಅವನ ಬೆರಳುಗಳಿಗೆ ಅದು ಒಗ್ಗಲೇ ಇಲ್ಲ. ನಡುನಡುವೆ ತಾವಾಗಿಯೇ ಬಿಗಿ ಮಾಡುತ್ತಿದ್ದವು, ಅವನು ಬೈದುಕೊಂಡು ಸಡಿಲಿಸುತ್ತಿದ್ದ. ಮುಗಿದ ಮೇಲೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮುಂದಿನ ಎಡಗಡೆಯ ಸೀಟನ್ನು ಅಂಗೈಯಿಂದ ಒರೆಸಿ ಮಗಳನ್ನು ಕರೆದ.

“ಸ್ನೇಹಲ, ಬಾರವ್ವ. ನಿನ್ನ ಸೀಟು ತಯಾರಾತು. ಕುಂತು ನೋಡು.”

ಸ್ನೇಹಲ ಮುಂದೆ ಬರಲಿಲ್ಲ. ಗಂಡನ ಮುಖ ನೋಡಿದಳು.

“ಅದು ನನ್ನ ಸೀಟು ಬೀಗರ,” ಎಂದರು ಇಂದುಮತಿಬಾಯಿ. “ಆಕಿ ಹಿಂದ ಕುಂದರ್ತಾಳ.”

“ಹಿಂದ ಎಲ್ಲಿ?”

“ನಡುವ. ಆಕಡೆ ವಿಶ್ವಜಿತನ ಅಪ್ಪ, ಈಕಡೆ ನನ್ನ ಮಗಳು. ಸಪೂರ ಅದಾಳಲ್ಲ, ನಡುವ ಹಿಡಸ್ತಾಳ. ಬುತ್ತಿ ಚೀಲಾನೂ ಆಕಿ ಕೈಯಾಗ ಇರ್ತೈತಿ.”

ಏಕನಾಥನ ತಲೆಗೆ ಸರಕ್ಕನೆ ರಕ್ತ ಏರಿತು. ಗಾಡಿ ಬಂದು ಮೂರು ತಿಂಗಳು. ತನ್ನ ಮನೆಯ ಗಲ್ಲಿ ಸಣ್ಣದು, ಗಾಡಿ ದೊಡ್ಡ ರಸ್ತೆಯಲ್ಲೇ ನಿಲ್ಲುತ್ತಿತ್ತು. ಮಗಳು ಎಲ್ಲಿಂದ ಇಳಿದಳೆಂದು ಅವನು ಒಂದು ದಿನವೂ ನೋಡಿರಲಿಲ್ಲ. ಗಂಡನ ಪಕ್ಕ ರಾಣಿಯ ಹಾಗೆ ಕೂತು ಬರುತ್ತಾಳೆ ಎಂದುಕೊಂಡೇ ಮೂರು ದಿನ ಹೊಲಿದಿದ್ದ. ಹೆಣ್ಣಿನ ಅಪ್ಪ ಬೀಗರ ಅಂಗಳದಲ್ಲಿ ಎಂದೂ ಆಡಬಾರದ ಮಾತು ಅವನ ಬಾಯಿಂದ ಬಂದುಹೋಯಿತು.

“ನನ್ನ ಮಗಳು ಈ ಮನಿಗೆ ಸೊಸಿ ಅಂತ ಬಂದಾಳೋ, ಬುತ್ತಿ ಹೊರಾಕ ಬಂದಾಳೋ?”

“ಬಾಬಾ!” ಎಂದಳು ಸ್ನೇಹಲ.

ವಿಶ್ವಜಿತ ನೆಲ ನೋಡಿದ. ಇಂದುಮತಿಬಾಯಿಗೆ ಮಾತು ನಾಟಿತು, ಮುಖ ಕೆಂಪಾಯಿತು. ಆದರೆ ಅವರು ಕೂಗಾಡಲಿಲ್ಲ.

“ಸಿಟ್ಟ ಆಗ್ರಿ, ಆದರ ಪೂರ್ತಿ ಕೇಳಿ ಆಗ್ರಿ. ಎದುರಿಗೆ ಏನ್ ಬಂದು ಬಡದ್ರೂ ಮೊದಲು ಸಾಯೋದು ಮುಂದ ಕುಂತವರು. ಪೇಪರಿನಾಗ ದಿನಾ ಓದ್ತೀನಿ. ನನ್ನ ಕಾಲ ಮುಗೀತು, ನಾ ಮುಂದ ಕುಂದರ್ತೀನಿ. ಈಕಿ ಇನ್ನೂ ಬಾಳಿ ಬದುಕಬೇಕಾದಾಕಿ. ನಡುವ ಇರ್ಲಿ, ಆಕಡೆ ಈಕಡೆ ನಮ್ಮವರ ಮೈ ಇರ್ತೈತಿ, ಪೆಟ್ಟ ಆಗೋದಿಲ್ಲ ಅಂತ ನಾನ ಕುಂದರಸೀನಿ. ತಪ್ಪಾತೇನು?”

ತಪ್ಪಾಯಿತೋ ಸರಿಯಾಯಿತೋ ಏಕನಾಥನಿಗೆ ಹೇಗೆ ಗೊತ್ತಾಗಬೇಕು? ನಾಚಿಕೆಯಿಂದ ತಲೆ ಎತ್ತಲಾಗದೆ, ಗಾಡಿಯ ಹಿಂದಕ್ಕೆ ಸರಿದು ಅಷ್ಪಾಕನಿಗೆ ಫೋನು ಹಚ್ಚಿದ.

“ಅಷ್ಪಾಕ್, ಹಿಂದ ನಡುವ ಕುಂತವರಿಗೆ ಬಲೂನು ಎಲ್ಲೈತಿ?”

“ನಡುವ ಕುಂತವರಿಗೆ ಬಲೂನಿಲ್ಲ ಭಾವು. ಆರು ಇದ್ರೂ ಇಲ್ಲ. ಟಾಪಿಂದು ಇಳಿಯೋದು ಕಿಡಕಿಗೆ, ನಡುವಿಗೆ ಮುಟ್ಟೋದಿಲ್ಲ. ನಡುವಿನವರಿಗೆ ಬೆಲ್ಟ್ ಒಂದ ಗತಿ. ಅದನ್ನ ಹಾಕ್ಕೊಂಡ್ರ ಭೇಷ್ ಜಾಗಾ ಅದು, ಹಾಕ್ಕೊಳ್ಳಲಿಲ್ಲ ಅಂದ್ರ ಸೀದಾ ಮುಂದಿನ ಗಾಜಿಗೆ.”

ಫೋನಿನ ದನಿ ಎಲ್ಲರಿಗೂ ಕೇಳಿಸಿತ್ತು. ಇಂದುಮತಿಬಾಯಿ ಗಾಡಿ ಹಿಡಿದುಕೊಂಡು ನಿಂತರು. ವಿಶ್ವಜಿತ ಹಿಂದಿನ ಬಾಗಿಲು ತೆರೆದು ಒಳಗೆ ಬಗ್ಗಿ, ಸೀಟಿನ ಮೇಲೆಲ್ಲ ಕೈ ಆಡಿಸಿದ.

“ನಡುವ ಬೆಲ್ಟ್ ಐತಿ, ಸಿಗಸೋ ಬಕಲ್ ಇಲ್ಲ ಮಾಮಾ. ಕಂಪನಿಯವರ ಕೊಟ್ಟಿಲ್ಲ ಅನಸ್ತೈತಿ.”

“ಕೊಟ್ಟಿದ್ರು,” ಎಂದಳು ಸ್ನೇಹಲ ಮೆಲ್ಲಗೆ. “ಮೊದಲು ಹಾಕ್ಕೋತಿದ್ದೆ. ಕವರ್ ಹಾಕಿದ ಮ್ಯಾಲೆ ಕಾಣಸಲಿಲ್ಲ.”

ಏಕನಾಥ ಹಿಂದಿನ ಸೀಟನ್ನು ನೋಡಿದ. ಈ ತುದಿಯಿಂದ ಆ ತುದಿಯವರೆಗೆ ಒಂದು ಸುಕ್ಕಿಲ್ಲ, ಒಂದು ಉಬ್ಬಿಲ್ಲ. ನಡುವಿನ ಬಕಲ್ಲು ಕೂತವರಿಗೆ ಚುಚ್ಚುತ್ತದೆ, ಯಾರೂ ಬಳಸುವುದಿಲ್ಲ, ನೋಡಲೂ ಅಸಹ್ಯ ಎಂದು ಅದನ್ನು ಸಂದಿಯೊಳಕ್ಕೆ ತುರುಕಿ ಮೇಲೆ ಕವರು ಎಳೆದು ಹೊಲಿಯುವುದು ಅವನ ಕೈಗೆ ಉಸಿರಾಟದಷ್ಟು ರೂಢಿಯಾಗಿತ್ತು. ಕೇಳಿದವರಿಗೆ, ಈಗ ನೋಡ್ರಿ ಹೆಂಗ ಸಪಾಟ ಆತು ಎಂದು ತೋರಿಸುತ್ತಲೂ ಇದ್ದ.

“ಹೇಳಬೇಕಿತ್ತಲ್ಲವ್ವ,” ಎಂದ. “ಒಂದು ಫೋನ್ ಮಾಡಬೇಕಿತ್ತಲ್ಲ.”

“ಎಲ್ಲಾರೂ ಕವರ್ ಭಾಳ ಛಲೋ ಆಗೇತಿ ಅಂತ ಹೊಗಳತಿದ್ರು ಬಾಬಾ. ನಾನ ಕೊಂಕು ತಗಿಯೋದು ಹೆಂಗ? ಒಂದು ಬಕಲ್ ಅಲ್ಲೇನು, ಹೋಗ್ಲಿ ಬಿಡು ಅಂದ್ಕೊಂಡೆ.”

ಅವನು ಹಿಂದಿನ ಸೀಟಿನ ಮೇಲೆ ಮೊಣಕಾಲೂರಿದ. ಬ್ಲೇಡಿನ ಮೊದಲ ಏಟು ಓರೆಯಾಗಿ ರೆಕ್ಸಿನ್ನು ಸೀಳಿತು. ಹೊಲಿಗೆ ಹುಡುಕಿ ಬಿಚ್ಚುವ ವ್ಯವಧಾನ ಅವನಿಗೆ ಉಳಿದಿರಲಿಲ್ಲ. ನೇರವಾಗಿ ಕವರನ್ನೇ ಹರಿದ, ಕೆನೆಬಣ್ಣದ ಗೋಟು ತುಂಡಾಯಿತು. ಒಳಗೆ ಕೈ ಹಾಕಿ ಸಂದಿಯಿಂದ ಬಕಲ್ಲನ್ನು ಎಳೆದು ತೆಗೆದ. ಸ್ನೇಹಲ ಬಂದು ನಡುವೆ ಕೂತಳು. ಅವನೇ ಪಟ್ಟಿ ಎಳೆದು ತಂದು ಸಿಗಿಸಿದ. ಟಿಕ್ಕೆಂದಿತು. ಎರಡೂ ಕೈಯಿಂದ ಹಿಡಿದು ಜಗ್ಗಿ ನೋಡಿದ, ಬಿಡಲಿಲ್ಲ. ಇನ್ನೊಮ್ಮೆ ಜಗ್ಗಿದ. ಆಮೇಲೆ ಗಾಡಿಯ ಹೊಸ್ತಿಲ ಮೇಲೆ ಕುಸಿದು ಕೂತು, ಬೀಗರ ಮನೆ ಎನ್ನುವುದನ್ನೂ ಮರೆತು ಅತ್ತುಬಿಟ್ಟ.

“ಆತಲ್ಲ ಮಾಮಾ ಈಗ,” ಎಂದ ವಿಶ್ವಜಿತ, ಏನು ಮಾಡಬೇಕೆಂದು ತಿಳಿಯದೆ ಹೆಗಲ ಮೇಲೆ ಕೈಯಿಟ್ಟು. “ಎಲ್ಲಾ ಸರಿ ಆತಲ್ಲ. ಇನ್ಯಾಕ ಅಳ್ತೀರಿ?”

“ನಿಮ್ಮದು ಸರಿ ಆತು. ಇಷ್ಟು ವರ್ಷದಾಗ ನಾ ಒಂದು ಗಾಡಿಗೂ ಆ ಬಕಲ್ ಹೊರಗ ಬಿಟ್ಟಿಲ್ಲ ಜಾವಯಿಬಾಪು. ಒಂದಕ್ಕೂ ಬಿಟ್ಟಿಲ್ಲ. ನಡುವ ಕುಂದ್ರೋರು ಎಲ್ಲಾರ ಮನ್ಯಾಗೂ ಒಬ್ಬರು ಇರ್ತಾರ.”

ಇಂದುಮತಿಬಾಯಿ ಒಳಗಿನಿಂದ ನೀರು ತಂದು ಅವನ ಕೈಗೆ ಕೊಟ್ಟರು. ಸ್ನೇಹಲ ನಡುವಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡೇ ಕೂತಿದ್ದಳು. ಅಪ್ಪ ಎದ್ದು ನಿಲ್ಲುವವರೆಗೆ ಅವಳು ಅದನ್ನು ಬಿಚ್ಚಲಿಲ್ಲ.